ಕೋಟಿನೊಳಗಿನ ಕಾಗದ

ದೈವಸಾನ್ನಿಧ್ಯವನ್ನು ಕಂಡೆವೆಂದು ಹೇಳಿಕೊಂಡವರು ಎಲ್ಲ ಧರ್ಮಗಳಲ್ಲಿಯೂ ಉಂಟು. ಆ ಅನುಭವದ ಸತ್ಯವನ್ನು ಅರಿಯುವ ಬಗೆ ಯಾವುದು? ಫ್ರಾನ್ಸಿನ ಕ್ರೈಸ್ತ ಚಿಂತಕ ಬ್ಲೇಸ್ ಪಾಸ್ಕಲನ ಬಾಳು ಇದಕ್ಕೊಂದು ಉತ್ತರವನ್ನು ಕೊಡುತ್ತದೆ.

1623ರಲ್ಲಿ ಜನಿಸಿದ ಪಾಸ್ಕಲನು ಲೆಕ್ಕದ ಮನುಷ್ಯ. ತೆರಿಗೆಯ ಅಧಿಕಾರಿಯಾಗಿದ್ದ ತಂದೆಯ ಶ್ರಮವನ್ನು ಹಗುರಗೊಳಿಸಲು ಹತ್ತೊಂಬತ್ತರ ಪ್ರಾಯದಲ್ಲಿಯೇ ಗಣನಯಂತ್ರವೊಂದನ್ನು ಕಲ್ಪಿಸಿದವನು. ಗಾಳಿಯ ಒತ್ತಡವನ್ನು ಪ್ರಯೋಗಗಳಿಂದ ಪರೀಕ್ಷಿಸಿದವನು. ಕೀರ್ತಿ ಬಂದಿತು, ಅದರ ಬೆನ್ನಿಗೆ ಅಭಿಮಾನವೂ ಬಂದಿತು. ನೆಮ್ಮದಿ ಮಾತ್ರ ಬರಲಿಲ್ಲ.

1654ರ ನವೆಂಬರ್ 23ರ ರಾತ್ರಿ, ಸುಮಾರು ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ, ಆತನಿಗೆ ಒಂದು ಅನುಭವವಾಯಿತು. ಅದುವರೆಗೆ ತರ್ಕಕ್ಕೆ ವಿಷಯವಾಗಿದ್ದ ದೇವರು ಆ ಎರಡು ಗಂಟೆಗಳ ಕಾಲ ಎದುರಿಗೇ ಇದ್ದಂತಾಯಿತು. ಪಾಸ್ಕಲನು ತಾರೀಖನ್ನೂ ವೇಳೆಯನ್ನೂ ನಮೂದಿಸಿ, ತನಗಾದುದನ್ನು ತುಂಡು ಮಾತುಗಳಲ್ಲಿ ಬರೆದಿಟ್ಟು, ಆ ಕಾಗದವನ್ನು ಕೋಟಿನ ಒಳಪದರದಲ್ಲಿ ಹೊಲಿದುಕೊಂಡನು. ಕೋಟು ಬದಲಾದಾಗ ಹೊಲಿಗೆಯನ್ನು ಬಿಚ್ಚಿ ಹೊಸದಕ್ಕೆ ಸೇರಿಸುತ್ತಿದ್ದನು. ಅದು ಇತರರ ಕಣ್ಣಿಗೆ ಬಿದ್ದುದು ಆತನು ತೀರಿಕೊಂಡ ಮೇಲೆಯೇ.

ಆ ರಾತ್ರಿಯಿಂದ ಆತನ ಸ್ವಭಾವವೆಲ್ಲ ಒಮ್ಮೆಗೇ ಮಾರ್ಪಟ್ಟಿತೆಂದಲ್ಲ. ವಾದದಲ್ಲಿ ಹರಿತವಾದ ನಾಲಗೆ ಹಾಗೆಯೇ ಉಳಿಯಿತು. ಗಣಿತವೂ ಪೂರ್ತಿ ಬಿಟ್ಟುಹೋಗಲಿಲ್ಲ. ಆದರೆ ಬಡವರ ಕಡೆಗೆ ಆತನ ಮನಸ್ಸು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚಾಗಿ ತಿರುಗಿತು. ಕೊನೆಗಾಲದಲ್ಲಿ ಒಂದು ಬಡ ಕುಟುಂಬಕ್ಕೆ ತನ್ನ ಮನೆಯಲ್ಲಿಯೇ ಆಶ್ರಯವಿತ್ತಿದ್ದನು. 1662ರಲ್ಲಿ ಆ ಮನೆಯ ಮಗುವಿಗೆ ಸಿಡುಬು ತಗಲಿತು. ಪಾಸ್ಕಲನೂ ಆಗ ಕಾಯಿಲೆಯಲ್ಲಿದ್ದನು. ಉಪಚರಿಸಲು ಬರುತ್ತಿದ್ದ ಅಕ್ಕ ಗಿಲ್ಬೆರ್ತಳಿಂದ ಆಕೆಯ ಮಕ್ಕಳಿಗೂ ಸೋಂಕು ತಗಲುವ ಭಯವಿತ್ತು. ಬಡವರನ್ನು ಬೇರೆಡೆಗೆ ಕಳುಹಿಸುವುದು ಸುಲಭವಾಗಿತ್ತು. ಆದರೆ ಆ ಸ್ಥಿತಿಯಲ್ಲಿ ಮಗುವನ್ನು ಕದಲಿಸಬಾರದೆಂದು, ಮನೆಯ ಒಡೆಯನೇ ಮನೆಯನ್ನು ಬಿಟ್ಟು ಅಕ್ಕನಲ್ಲಿಗೆ ಹೋದನು. ಮತ್ತೆ ಹಿಂತಿರುಗಲಿಲ್ಲ. ಆಗಸ್ಟ್ 19ರಂದು, ಮೂವತ್ತೊಂಬತ್ತರ ಪ್ರಾಯದಲ್ಲಿ, ಅಲ್ಲಿಯೇ ಕಣ್ಣು ಮುಚ್ಚಿದನು.

ಮರವನ್ನು ಫಲದಿಂದ ಅರಿಯಬೇಕೆಂಬುದು ಯೇಸುವಿನ ಬೋಧೆ. ಕೋಟಿನಲ್ಲಿ ಕಾಗದವಿದ್ದ ಸಂಗತಿ ಆ ಮಗುವಿಗೆ ತಿಳಿದಿರಲಾರದು. ತನ್ನ ಹಾಸಿಗೆಯನ್ನು ಯಾರೂ ಎತ್ತಿಸಲಿಲ್ಲವೆಂಬುದಷ್ಟೇ ಅದಕ್ಕೆ ತಿಳಿದಿದ್ದೀತು. ದೇವರು ಬಳಿಗೆ ಬಂದ ಗಳಿಗೆ ಯಾವುದೆಂದು ಕಂಡವನಿಗೆ ಮಾತ್ರ ಗೊತ್ತು. ಅದು ನಿಜವೇ ಎಂಬುದಕ್ಕೆ ಸಾಕ್ಷಿ ಹೇಳಬೇಕಾದವರು ಆತನ ಸೂರಿನಡಿಯಲ್ಲಿ ಇರುವವರು.