ಕ್ಷಕಿರಣದ ಕೋಣೆಯೂ ಮನೆಯ ಮಗಳೂ

ಮಲೆನಾಡಿನ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದಿರುವರು. ಅವರ ಮಗಳು ಪಿ.ಯು.ಸಿ. ವಿಜ್ಞಾನದಲ್ಲಿ ಚೆನ್ನಾಗಿ ತೇರ್ಗಡೆಯಾಗಿರುವಳು. ವೈದ್ಯವಿದ್ಯೆಗೆ ಸೀಟು ದೊರೆಯಲಿಲ್ಲ. ಈಗ ಬಿ.ಎಸ್‌ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯನ್ನು, ಎಂದರೆ ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಮೊದಲಾದ ಯಂತ್ರಗಳಿಂದ ದೇಹದ ಒಳಚಿತ್ರ ತೆಗೆಯುವ ವಿದ್ಯೆಯನ್ನು, ಕಲಿಯಬೇಕೆಂದು ಹಟ ಹಿಡಿದಿರುವಳಂತೆ. ಮನೆಯಲ್ಲಿ ಒಪ್ಪಿಗೆಯಿಲ್ಲ. “ದಿನವೆಲ್ಲ ಆ ಕಿರಣಗಳ ನಡುವೆ ನಿಂತ ಹುಡುಗಿಯನ್ನು ಯಾರು ಸೊಸೆಯಾಗಿ ತಂದುಕೊಂಡಾರು? ಹುಟ್ಟುವ ಮಕ್ಕಳ ಗತಿಯೇನು?” ಎಂದು ಅಜ್ಜಿ ಕೇಳಿದರಂತೆ. ಈ ಮಾತಿಗೆ ಉತ್ತರ ತೋಚದೆ ತಂದೆಯವರು ಅರ್ಜಿ ಹಾಕುವುದನ್ನು ತಡೆದು ನಮ್ಮ ಅಭಿಪ್ರಾಯವನ್ನು ಬೇಡಿರುವರು.

ಅಜ್ಜಿಯವರ ಭಯವನ್ನು ಬರಿಯ ಮೌಢ್ಯವೆಂದು ನಾವು ತಳ್ಳಿಹಾಕಲಾರೆವು. ಅದಕ್ಕೆ ಆಧಾರವುಂಟು. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಮಹಾಶಯನು ಕ್ಷಕಿರಣವನ್ನು ಕಂಡುಹಿಡಿದ ತರುಣದಲ್ಲಿ ಅದರ ಕೇಡನ್ನು ಯಾರೂ ಅರಿತಿರಲಿಲ್ಲ. ಕೊಳವೆ ಸರಿಯಾಗಿ ಕೆಲಸಮಾಡುತ್ತಿದೆಯೇ ಎಂದು ನೋಡಲು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು. ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡ್ಯಾಲಿ ಎಂಬಾತನು ಹೀಗೆಯೇ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡನು. ಅಂತಹವರ ನೆನಪಿಗಾಗಿ 1936ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಒಂದು ಸ್ಮಾರಕಸ್ತಂಭವನ್ನೇ ನಿಲ್ಲಿಸಿರುವರು. ಇಂದಿನ ಕಟ್ಟುನಿಟ್ಟುಗಳೆಲ್ಲ ಆ ಸಾವುನೋವುಗಳಿಂದ ಕಲಿತ ಪಾಠಗಳು.

ಮೊದಲು ತಿಳಿಯತಕ್ಕುದೇನೆಂದರೆ, ಎಕ್ಸ್‌ರೇ ಯಂತ್ರವು ವಿದ್ಯುದ್ದೀಪದ ಹಾಗೆ. ಗುಂಡಿ ಒತ್ತಿದ ಕ್ಷಣದಲ್ಲಿ ಮಾತ್ರ ಕಿರಣ ಹೊರಡುವುದು. ಕೈ ತೆಗೆದ ಮೇಲೆ ಕೋಣೆಯ ಗೋಡೆಯಲ್ಲಾಗಲಿ ಗಾಳಿಯಲ್ಲಾಗಲಿ ಏನೂ ಉಳಿಯದು. ಆ ಕ್ಷಣದಲ್ಲಿ ಯಂತ್ರ ನಡೆಯಿಸುವವಳು ತಡೆಗೋಡೆಯ ಹಿಂದೆ ಇರುವಳು. ಹಾಸಿಗೆಯ ಬಳಿಯೇ ಚಿತ್ರ ತೆಗೆಯಬೇಕಾದಾಗ ಸೀಸದ ಏಪ್ರನ್ ತೊಟ್ಟು ದೂರ ನಿಲ್ಲುವಳು; ದೂರವು ಇಮ್ಮಡಿಯಾದರೆ ಕಿರಣವು ಕಾಲುಪಾಲಿಗೆ ಇಳಿಯುವುದು. ಎಂ.ಆರ್.ಐ. ಯಂತ್ರದಲ್ಲಂತೂ ಕ್ಷಕಿರಣವೇ ಇಲ್ಲ; ಅದು ಆಯಸ್ಕಾಂತದ ಕೆಲಸ.

ಇನ್ನು ಲೆಕ್ಕದ ಮಾತು. ಕೆಲಸಗಾರಳು ಎದೆಯ ಮೇಲೆ, ಏಪ್ರನ್ನಿನ ಒಳಗೆ, ಟಿ.ಎಲ್.ಡಿ. ಎಂಬ ಚಿಕ್ಕ ಬ್ಯಾಡ್ಜನ್ನು ಧರಿಸಬೇಕು. ಅದರೊಳಗಿನ ಬಿಲ್ಲೆಗಳು ತಮಗೆ ತಗುಲಿದ ಕಿರಣವನ್ನು ಕೂಡಿಟ್ಟುಕೊಂಡು, ಕಾಯಿಸಿದಾಗ ಅದಕ್ಕೆ ತಕ್ಕಷ್ಟು ಬೆಳಕನ್ನು ಸೂಸುವುವು. ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಶಾಲೆಗೆ ಕಳುಹಿಸಿ ಅಳೆಯಿಸುವರು. ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ವಿಧಿಸಿರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವ ಒಂದು ವರ್ಷದಲ್ಲಿಯೂ 30ನ್ನು ದಾಟಕೂಡದು. ನೆಲದಿಂದಲೂ ಆಕಾಶದಿಂದಲೂ ನಮಗೆಲ್ಲರಿಗೂ ಮನೆಯಲ್ಲಿ ಕುಳಿತಂತೆಯೇ ವರ್ಷಕ್ಕೆ ಸರಾಸರಿ 2.4ರಷ್ಟು ತಗುಲುತ್ತಲೇ ಇರುವುದು. ನಿಯಮದಂತೆ ನಡೆಯುವ ಎಕ್ಸ್‌ರೇ ಕೋಣೆಯಲ್ಲಿ ದುಡಿಯುವವರು ಸಾಮಾನ್ಯವಾಗಿ ಆ ಮಿತಿಯ ಸಮೀಪಕ್ಕೂ ಬರುವುದಿಲ್ಲ. ಗರ್ಭಿಣಿಯಾದಾಗ ಆಕೆ ಮೇಲಧಿಕಾರಿಗಳಿಗೆ ತಿಳಿಸಿದರೆ, ಅಲ್ಲಿಂದ ಮುಂದೆ ಶಿಶುವಿಗೆ 1 ಮಿಲಿಸೀವರ್ಟನ್ನು ಮೀರದಂತೆ ಕೆಲಸವನ್ನು ಬದಲಾಯಿಸಿ ಕೊಡಬೇಕೆಂಬ ವಿಧಿಯೂ ಉಂಟು. ಅಜ್ಜಿಯವರಿಗೆ ಇನ್ನೊಂದು ಮಾತು: 1945ರಲ್ಲಿ ಹಿರೋಷಿಮಾ, ನಾಗಸಾಕಿಗಳಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಪರೀಕ್ಷಿಸಿದರೂ, ವಂಶಪಾರಂಪರ್ಯವಾಗಿ ಇಳಿದ ದೋಷಗಳು ಹೆಚ್ಚಾಗಿ ಕಂಡುಬಂದಿಲ್ಲ.

ಹಾಗಾದರೆ ಭಯಪಡಬೇಕಾದುದೇ ಇಲ್ಲವೆ? ಉಂಟು, ಅದು ಅರೆಗಲಿಕೆ. ನಮ್ಮ ಮನೆಯ ಹಿರಿಯರೊಬ್ಬರಿಗೆ ಒಮ್ಮೆ ಕೆಮ್ಮು ಹೆಚ್ಚಾಗಿ ಸಣ್ಣ ಊರೊಂದರಲ್ಲಿ ಎದೆಯ ಚಿತ್ರ ತೆಗೆಯಿಸಿದೆವು. ತೆಗೆದ ಹುಡುಗನು ಅವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಯಂತ್ರವನ್ನು ಹತ್ತಿರಕ್ಕೆ ಎಳೆದು ಎದುರಿನಿಂದ ಗುಂಡಿ ಒತ್ತಿದನು. ಉಸಿರೆಳೆದು ನಿಲ್ಲಿಸಿರೆಂದು ಹೇಳಲೂ ಇಲ್ಲ. ಹೃದಯ ದೊಡ್ಡದಾಗಿದೆಯೆಂದು ವರದಿ ಬಂತು. ಎರಡು ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಬಳಿಕ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳು ಅವರನ್ನು ನಿಲ್ಲಿಸಿ, ಎದೆಯನ್ನು ಫಲಕಕ್ಕೆ ಆನಿಸಿ, ಹೆಗಲುಗಳನ್ನು ಮುಂದಕ್ಕೆ ಬಾಗಿಸಿ, ಯಂತ್ರವನ್ನು ಆರು ಅಡಿ ಹಿಂದಕ್ಕಿಟ್ಟು, “ಅಜ್ಜಾ, ಉಸಿರು ಜೋರಾಗಿ ಎಳೆದುಕೊಳ್ಳಿ, ಹಾಗೇ ಹಿಡಿದಿರಿ” ಎಂದು ಚಿತ್ರ ತೆಗೆದಳು. ಹೃದಯವು ಇರಬೇಕಾದಷ್ಟೇ ಇದ್ದಿತು. ಹೃದಯವು ಎದೆಯ ಮುಂಭಾಗಕ್ಕೆ ಸಮೀಪವಾದುದರಿಂದ, ಎದುರಿನಿಂದ, ಅದೂ ಹತ್ತಿರದಿಂದ ತೆಗೆದರೆ ನೆರಳು ಹಿಗ್ಗುವುದು. ದೀಪಕ್ಕೆ ಕೈ ಹತ್ತಿರ ಹಿಡಿದರೆ ಗೋಡೆಯ ಮೇಲೆ ನೆರಳು ಬೆಳೆಯುವಂತೆ. ಆ ಹೆಣ್ಣುಮಗಳು ಕಲಿತದ್ದು ಇದನ್ನೇ.

ಕಲಿಕೆಯ ದಾರಿ ಹೀಗಿದೆ. ಪಿ.ಯು.ಸಿ. ವಿಜ್ಞಾನದ ನಂತರ ಪದವಿಗೆ, ಆಸ್ಪತ್ರೆಯಲ್ಲಿ ಮಾಡುವ ಇಂಟರ್ನ್‌ಷಿಪ್ ಸೇರಿ, ನಾಲ್ಕು ವರ್ಷ ಹಿಡಿಯುವುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿಯೂ ಮಣಿಪಾಲದಲ್ಲಿಯೂ ಈ ಪಾಠ ನಡೆಯುವುದು. ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ ಇದಕ್ಕಿಂತ ಚಿಕ್ಕದು. ಶರೀರರಚನೆ, ಭೌತಶಾಸ್ತ್ರ, ವಿಕಿರಣರಕ್ಷಣೆ, ರೋಗಿಯ ಆರೈಕೆ ಎಲ್ಲವೂ ಪಾಠದಲ್ಲಿ ಸೇರಿವೆ. ಕ್ಯಾನ್ಸರಿಗೆ ಕಿರಣಚಿಕಿತ್ಸೆ ನೀಡುವ ಯಂತ್ರಗಳ ವಿದ್ಯೆ ಬೇರೆ. ಅದಕ್ಕೆ ಬೇರೆ ಪಾಠಕ್ರಮವುಂಟು. 2021ರ ಕೇಂದ್ರ ಶಾಸನವು ಈ ವೃತ್ತಿಗಳವರಿಗೆಲ್ಲ ನೋಂದಣಿಯನ್ನು ವಿಧಿಸಿರುವುದರಿಂದ, ಮಾನ್ಯತೆಯಿಲ್ಲದ ಕಡೆ ಹಣ ತೆತ್ತು ತಂದ ಸರ್ಟಿಫಿಕೇಟು ಮುಂದೆ ಕೆಲಸಕ್ಕೆ ಬಾರದು.

ಸುಖದ ಕೆಲಸವೆಂದು ನಾವು ಹೇಳುವುದಿಲ್ಲ. ರಾತ್ರಿಯ ಪಾಳಿಯುಂಟು, ಅಪಘಾತವಾಗಿ ಬಂದವರ ನರಳಾಟವನ್ನು ಕೇಳುತ್ತಲೇ ಕೈ ನಡುಗದಂತೆ ಕೆಲಸ ಮಾಡಬೇಕು, ಮೊದಮೊದಲು ಸಂಬಳವೂ ಹೇಳಿಕೊಳ್ಳುವಷ್ಟಿರದು. ಮದುವೆಯ ಮಾತು ಬಂದಾಗ ಅಜ್ಜಿಯವರು ಕೇಳಬೇಕಾದುದು ಕಿರಣದ ವಿಷಯವನ್ನಲ್ಲ, ವರನ ಮನೆಯವರು ರಾತ್ರಿಯ ಪಾಳಿಯನ್ನು ಒಪ್ಪುವರೇ ಎಂಬುದನ್ನು.

ತಂದೆಯವರು ಹಣ ಕಟ್ಟುವ ಮುನ್ನ ಕಾಲೇಜಿಗೆ ಹೋಗಿ ನೋಡಿ ಬರಲಿ. ಯಾವ ವಿಶ್ವವಿದ್ಯಾಲಯದ ಮಾನ್ಯತೆ ಇದೆ? ಸ್ವಂತ ಆಸ್ಪತ್ರೆ ಇದೆಯೆ? ವಿದ್ಯಾರ್ಥಿಗಳು ಮುಟ್ಟಿ ಕಲಿಯಲು ಸಿ.ಟಿ., ಎಂ.ಆರ್.ಐ. ಯಂತ್ರಗಳಿವೆಯೆ? ಅಲ್ಲಿಯ ಹುಡುಗ ಹುಡುಗಿಯರ ಎದೆಯ ಮೇಲೆ ಆ ಬ್ಯಾಡ್ಜು ಕಾಣುವುದೆ, ಅಥವಾ ಮೇಜಿನ ಅರೆಯಲ್ಲಿ ಮಲಗಿದೆಯೆ? ಹೋಗುವಾಗ ಮಗಳನ್ನೂ ಕರೆದೊಯ್ಯತಕ್ಕುದು. ಪ್ರಶ್ನೆಗಳನ್ನು ಅವಳೇ ಕೇಳಲಿ.