ನಾಯಕನ ಕರುಣೆಗೆ ಯಾರು ಅರ್ಹರು?

ಮಾನ್ಯ ಸಂಪಾದಕರೇ,

ನಿಮ್ಮ ಕಿರುತೆರೆ ಪುಟವನ್ನು ತಪ್ಪದೆ ಓದುತ್ತೇನೆ. ಧಾರಾವಾಹಿ ನಾಯಕರ ಪ್ರೀತಿ, ಮದುವೆ, ಮುನಿಸು, ಪಾತ್ರ ಬಿಟ್ಟುಹೋದ ಕಲಾವಿದರ ಸುದ್ದಿ ಎಲ್ಲವೂ ಅಲ್ಲಿರುತ್ತದೆ. ಆದರೆ ಈ ನಾಯಕರು ಕಾಪಾಡುವುದು ಯಾರನ್ನು, ಕಂಡೂ ಕಾಣದಂತೆ ದಾಟಿ ಹೋಗುವುದು ಯಾರನ್ನು ಎಂದು ಯಾರೂ ಕೇಳಿದ್ದನ್ನು ನಾನು ನೋಡಿಲ್ಲ. ದಿನಾ ಸಂಜೆ ನಮ್ಮ ಮನೆಗಳ ನಡುಮನೆಯಲ್ಲೇ ನಡೆಯುವ ಈ ತೀರ್ಮಾನ ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

‘ಪುಟ್ಟಕ್ಕನ ಮಕ್ಕಳು’ ನೋಡಿ. 2021ರ ಡಿಸೆಂಬರಿನಲ್ಲಿ ಶುರುವಾದ ಈ ಧಾರಾವಾಹಿಯಲ್ಲಿ ಉಮಾಶ್ರೀಯವರದು ಮೂರೂ ಹೆಣ್ಣೇ ಹೆತ್ತಳೆಂದು ಗಂಡ ಬಿಟ್ಟುಹೋದ, ಮೆಸ್ ನಡೆಸಿ ಮಕ್ಕಳನ್ನು ಸಾಕಿದ ಹೆಂಗಸಿನ ಪಾತ್ರ. ಅಂಥವಳನ್ನು ಕಥೆಯ ನಡುವೆ ತಂದು ಕೂರಿಸಿದ ಬರಹಗಾರರ ಮೇಲೆ ನನಗೆ ಗೌರವವಿದೆ. ನನ್ನ ತಕರಾರಿರುವುದು ಕಂಠಿಯ ಕುರಿತು. ಅವನು ಬಡ್ಡಿ ಬಂಗಾರಮ್ಮನ ಮಗ, ತಾಯಿಯ ವಸೂಲಿಗೆ ಬಲಗೈ. ಪುಟ್ಟಕ್ಕನ ಮಗಳು ಸ್ನೇಹಾಳ ಮೇಲೆ ಮನಸ್ಸಾಗುತ್ತದೆ. ತಾನು ಯಾರೆಂಬುದನ್ನು ಮುಚ್ಚಿಟ್ಟು ಅವಳಿಗೆ ಹತ್ತಿರವಾಗುತ್ತಾನೆ, ಆ ಮನೆಗೆ ಕಷ್ಟ ಬಂದಾಗ ಅಡ್ಡ ನಿಲ್ಲುತ್ತಾನೆ. ನೋಡುವವರ ಕಣ್ಣು ತುಂಬಿ ಬರುತ್ತದೆ. ನನ್ನವೂ ತುಂಬಿವೆ.

ಆದರೆ ಸ್ನೇಹಾ ಅವನ ಕಣ್ಣಿಗೆ ಬೀಳದೇ ಹೋಗಿದ್ದರೆ? ಅದೇ ಊರಿನಲ್ಲಿ ಅದೇ ಬಡ್ಡಿ ಕಟ್ಟುವ, ಪ್ರೀತಿಸಲು ವಯಸ್ಸಿಗೆ ಬಂದ ಮಗಳಿಲ್ಲದ, ಬಾಯಿ ಕೆಟ್ಟ ಮುದುಕನೊಬ್ಬನಿದ್ದರೆ ಅವನ ಗತಿಯೇನು? ಕಂಠಿಯ ಹೃದಯ ದೊಡ್ಡದು ಎನ್ನುತ್ತೇವೆ. ಅದು ತೆರೆದದ್ದು ಒಂದೇ ಮನೆಯ ಬಾಗಿಲಿಗೆ. ಸಾಲಗಾರರ ಪಟ್ಟಿಯಲ್ಲಿರುವ ಉಳಿದವರೂ ನೋಯುತ್ತಾರೆ ಎಂಬ ಅರಿವು ಅವನನ್ನು ಬದಲಿಸಿದ್ದರೆ ಆ ಕಥೆಯ ತೂಕವೇ ಬೇರೆಯಾಗುತ್ತಿತ್ತು.

ಇದು ಕಥೆಯಾಚೆಗಿನ ಮಾತೂ ಹೌದು. 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ, ರಾಮನಗರದ ಕಡೆ ಸಾಲ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿಯನ್ನು ನೀವೇ ಪ್ರಕಟಿಸಿದ್ದೀರಿ. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟು ವಸೂಲಿ ಮಾಡಿದವರಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಸಾಲ ಪಡೆದವನು ಒಳ್ಳೆಯವನೋ, ಕುಡುಕನೋ, ಮಗಳ ಮದುವೆಗೆ ಪಡೆದನೋ, ಮೊಬೈಲಿಗೆ ಪಡೆದನೋ ಎಂದು ಆ ಕಾನೂನು ಕೇಳುವುದಿಲ್ಲ. ಅವನ ಮನೆ ಬಾಗಿಲಲ್ಲಿ ನಿಂತು ಹೆದರಿಸಬಾರದು, ಅಷ್ಟೆ.

ಇನ್ನು ನಮ್ಮ ನಾಯಕಿಯರು. ‘ಪಾರು’ವಿನಲ್ಲಿ ಅರಸನ ಕೋಟೆಯ ಕೆಲಸದ ಹುಡುಗಿಯೇ ಆ ಮನೆಯ ಸೊಸೆಯಾಗುತ್ತಾಳೆ. ಅದಕ್ಕೂ ಮೊದಲು ಅವಳು ಸಹಿಸಬೇಕಾದದ್ದೆಷ್ಟು! ಅವಮಾನ ನುಂಗಬೇಕು, ಮಾಡದ ತಪ್ಪು ಹೊರಬೇಕು, ಮನೆಯೊಡತಿಯನ್ನು ದೇವರೆಂದು ಪೂಜಿಸಬೇಕು. ಒಂದು ವಾಹಿನಿಯದೋ ಒಂದು ಕಥೆಯದೋ ದೋಷ ಇದಲ್ಲ. ಹತ್ತಾರು ಧಾರಾವಾಹಿಗಳಲ್ಲಿ ನಾಯಕನ ಕೈ ಚಾಚಿಕೊಳ್ಳುವುದು ಎದುರಾಡದವಳ ಕಡೆಗೆ, ಅತ್ತರೂ ದೇವರಕೋಣೆಯಲ್ಲಿ ಅಳುವವಳ ಕಡೆಗೆ. ‘ನನ್ನ ಪಾಲು ಕೊಡಿ’ ಎಂದವಳು, ಗಂಡನನ್ನು ನಾಲ್ಕು ಜನರೆದುರು ಬೈದವಳು, ಬಣ್ಣದ ತುಟಿಯವಳು ಖಳನಾಯಕಿಯಾಗುತ್ತಾಳೆ. ಅವಳಿಗೂ ಒಂದು ನೋವಿನ ಹಿನ್ನೆಲೆಯಿದ್ದರೆ ಅದನ್ನು ಒಂದು ಸಂಚಿಕೆಯಲ್ಲಿ ಮುಗಿಸಿ, ಮರುದಿನ ಕೆನ್ನೆಗೆ ಹೊಡೆಸುತ್ತಾರೆ.

ನಾನು ಹಲವು ವರ್ಷ ಮಹಿಳೆಯರ ಸಾಂತ್ವನ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದವಳು. ಏಟು ತಿಂದು ಬರುವ ಹೆಣ್ಣು ಧಾರಾವಾಹಿಯ ನಾಯಕಿಯ ಹಾಗಿರುವುದಿಲ್ಲ. ಕೂಗಾಡುತ್ತಾಳೆ. ಅತ್ತೆಗೆ ಅವಳೂ ಬೈದಿರುತ್ತಾಳೆ. ಕೆಲವೊಮ್ಮೆ ಅರ್ಧ ಸುಳ್ಳೂ ಹೇಳುತ್ತಾಳೆ, ಯಾಕೆಂದರೆ ಪೂರ್ತಿ ನಿಜ ಹೇಳಿದರೆ ನಂಬುವವರಿಲ್ಲ ಎಂಬುದು ಅವಳಿಗೆ ಗೊತ್ತು. ಜೊತೆಗೆ ಬಂದ ಸಂಬಂಧಿಕರು ನನ್ನನ್ನು ಪಕ್ಕಕ್ಕೆ ಕರೆದು, ‘ಇವಳೂ ಏನು ಕಮ್ಮಿ ಇಲ್ಲ ಮೇಡಂ’ ಅನ್ನುತ್ತಿದ್ದರು. ಕಮ್ಮಿ ಇರಬೇಕೆಂದು ಯಾರು ಹೇಳಿದರು? 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆ ಅವಳಿಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಟ್ಟಿದೆ, ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ದಾರಿ ಕೊಟ್ಟಿದೆ. ಅದಕ್ಕೆ ಅವಳ ಸಹನೆಯ ಪ್ರಮಾಣಪತ್ರ ಬೇಕಿಲ್ಲ. ನಮ್ಮ ಜನಕ್ಕೆ ಬೇಕು. ಈ ಅಳತೆಗೋಲನ್ನು ಟಿವಿಯೇ ಹುಟ್ಟುಹಾಕಿತು ಎಂದು ನಾನು ಹೇಳಲಾರೆ, ಅದು ಬಹಳ ಹಳೆಯದು. ಆದರೆ ಅದು ಮಾಸದಂತೆ ದಿನಾ ಸಂಜೆ ಉಜ್ಜಿ ಹೊಳಪು ಕೊಡುತ್ತಿರುವುದು ಧಾರಾವಾಹಿಗಳೇ.

ಜನ ಕೇಳುವುದೇ ಇದನ್ನು, ಗುರುವಾರ ಬರುವ ಟಿಆರ್‌ಪಿ ನೋಡಿ ಎಂದು ವಾಹಿನಿಯವರು ಹೇಳಬಹುದು. ಇದೇ ಜನ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’, ‘ಮನ್ವಂತರ’, ‘ಮುಕ್ತ’ ನೋಡಲು ಕಾದು ಕೂರುತ್ತಿದ್ದರು. ಅವರ ಕೋರ್ಟ್ ದೃಶ್ಯಗಳಲ್ಲಿ ಎದುರು ಪಕ್ಷದವರೂ ಮಾತಾಡುತ್ತಿದ್ದರು. ಕೇಳುತ್ತ ಕೇಳುತ್ತ ನಾವು ಮನಸ್ಸಿನಲ್ಲೇ ಪಕ್ಷ ಬದಲಿಸಿದ್ದೂ ಉಂಟು. ಅದೇನೂ ಪಾಠದ ಹಾಗಿರಲಿಲ್ಲ, ಮರುದಿನ ಬಸ್ಸಿನಲ್ಲಿ ಅದರ ಬಗ್ಗೆಯೇ ಮಾತು ನಡೆಯುತ್ತಿತ್ತು. ಹಾಗಾಗಿ ವೀಕ್ಷಕರ ಮೇಲೆ ಹೊಣೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ.

ಧಾರಾವಾಹಿ ಬರೆಯುವವರಲ್ಲಿ ನನ್ನ ಬೇಡಿಕೆ ಇಷ್ಟೇ. ನಾಯಕನಿಗೆ ಇಷ್ಟವೇ ಇಲ್ಲದ ಒಬ್ಬ ವ್ಯಕ್ತಿಯನ್ನು ಅವನ ಕೈಯಿಂದ ಒಂದು ಸಲ ಕಾಪಾಡಿಸಿ. ಆ ವ್ಯಕ್ತಿ ಕೃತಜ್ಞತೆಯಿಂದ ಕಾಲಿಗೆ ಬೀಳುವುದು ಬೇಡ, ಕೊನೆಗೆ ಒಳ್ಳೆಯವನಾಗುವುದೂ ಬೇಡ. ಸಾಲ ತೀರಿಸಲಾಗದ ಜಗಳಗಂಟಿ ಹೆಂಗಸಿನ ಬಾಗಿಲಿಗೆ ವಸೂಲಿಯವರು ಬಂದಾಗ ನಾಯಕ ಅಡ್ಡ ನಿಲ್ಲಲಿ, ಅವಳು ಅವನಿಗೂ ನಾಲ್ಕು ಮಾತು ಬೈದು ಬಾಗಿಲು ಹಾಕಿಕೊಳ್ಳಲಿ. ಮರುದಿನ ಅವರು ಮತ್ತೆ ಬಂದರೆ ಅವನೂ ಮತ್ತೆ ಬರಲಿ.

ನಿಮ್ಮ ವರದಿಗಾರರಲ್ಲೂ ಒಂದು ವಿನಂತಿ. ಮುಂದಿನ ಸಲ ಚಿತ್ರೀಕರಣದ ಸ್ಥಳಕ್ಕೆ ಹೋದಾಗ, ಮದುವೆ ಸಂಚಿಕೆ ಯಾವಾಗ ಎಂದು ಕೇಳಿದ ಮೇಲೆ ನಿರ್ದೇಶಕರನ್ನು ಇದನ್ನೂ ಕೇಳಿ: ನಿಮ್ಮ ಕಥೆಯ ಊರಿನಲ್ಲಿ ನಿಮ್ಮ ನಾಯಕ ಕೈಬಿಟ್ಟವರು ಯಾರು, ಯಾಕೆ? ಅವರು ಕೊಡುವ ಉತ್ತರವನ್ನು ಇದೇ ಪುಟದಲ್ಲಿ ಪ್ರಕಟಿಸಿ.

ಇಂತಿ,
ಓದುಗಿಯೊಬ್ಬಳು, ತುಮಕೂರು ಜಿಲ್ಲೆ