ಆಮೆ ಸಾಕುವ ಕಥೆ ಓದಿದ ಮೇಲೆ
ಈ ವಾರ ಮಲಗುವ ಹೊತ್ತಿನ ಓದಿಗೆ ರೋಲ್ಡ್ ಡಾಲ್ ಅವರ ‘ಎಸಿಯೊ ಟ್ರಾಟ್’ (1990). ಅರ್ಧ ಕಥೆ ಹೇಳುವುದು ಕ್ವೆಂಟಿನ್ ಬ್ಲೇಕ್ ಅವರ ಚಿತ್ರಗಳೇ. ಮಿಸೆಸ್ ಸಿಲ್ವರ್‌ಗೆ ತಾನು ಸಾಕಿದ ಆಮೆ ಆಲ್ಫಿ ಬೇಗ ದೊಡ್ಡದಾಗಬೇಕು. ಮೇಲಿನ ಮನೆಯ ಮಿಸ್ಟರ್ ಹಾಪಿ ಕಲಿಸುವ ಮಂತ್ರದ ತುಂಬ ಹಿಂದುಮುಂದಾದ ಪದಗಳು. ಕನ್ನಡದಲ್ಲೂ ಆಡಿ ನೋಡಿ: ‘ಬೆಳೆ ಬೆಳೆ’ ಎನ್ನಲು ‘ಳೆಬೆ ಳೆಬೆ’! ಅಕ್ಷರ ಕಲಿಯುತ್ತಿರುವ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. (ಹಾಪಿ ಗುಟ್ಟಾಗಿ ಆಮೆ ಬದಲಿಸುವುದು ಮೋಸವಲ್ಲವೇ ಎಂದೂ ಕೇಳುತ್ತಾರೆ, ಸಿದ್ಧರಾಗಿರಿ.)

ಆಮೇಲೆ ಬರುವ ಪ್ರಶ್ನೆ: ರಜೆಗೆ ಊರಿಗೆ ಹೋದಾಗ ಅಜ್ಜಿ ಮನೆಯಲ್ಲಿ ಆಮೆ ಸಾಕೋಣವೇ? ಇದಕ್ಕೆ ಮಾತ್ರ ‘ನೋಡೋಣ’ ಎನ್ನಬೇಡಿ. ನಮ್ಮ ನಕ್ಷತ್ರ ಆಮೆ ಕುರುಚಲು ಕಾಡಿನ ಜೀವಿ. ಮನೆಯಲ್ಲಿಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ಅದೃಷ್ಟ ತರುತ್ತದೆಂದು ಕದ್ದು ಮಾರುವವರಿದ್ದಾರೆ. 2019ರಲ್ಲಿ ಸೈಟಿಸ್ ಒಪ್ಪಂದವೂ ಅದನ್ನು ಅತಿ ಬಿಗಿ ರಕ್ಷಣೆಯ ಪಟ್ಟಿಗೆ ಸೇರಿಸಿತು.